ಕಡಲ ಗಾಳಿ ವಿದ್ಯುತ್ತಿನಲ್ಲಿ ಪಿಎಚ್‌ಡಿ: ಸೇರುವ ಮೊದಲು ಏನು ಕೇಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಐದು ವರ್ಷದಿಂದ ಡೇಟಾ ಎಂಜಿನಿಯರ್ ಆಗಿದ್ದೇನೆ. ಈಗ ಕೆಲಸ ಬಿಟ್ಟು ಪಿಎಚ್‌ಡಿ ಮಾಡುವ ಯೋಚನೆ ಇದೆ. ಆಫ್‌ಶೋರ್ ವಿಂಡ್, ಅಂದರೆ ಸಮುದ್ರದಲ್ಲಿ ನಿಲ್ಲಿಸುವ ಗಾಳಿ ಟರ್ಬೈನ್‌ಗಳು, ಮತ್ತು ಅವುಗಳಿಗೆ ಬೇಕಾದ ಡಿಜಿಟಲ್ ತಂತ್ರಜ್ಞಾನ ನನ್ನ ಆಸೆ. ಆದರೆ ಜಾಹೀರಾತು ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಂದು ಕಡೆ ಡಿಜಿಟಲ್ ಟ್ವಿನ್ (ನಿಜವಾದ ಟರ್ಬೈನ್‌ನ ಕಂಪ್ಯೂಟರ್ ಪ್ರತಿರೂಪ) ಅಂತಾರೆ, ಇನ್ನೊಂದು ಕಡೆ ರೋಬೋಟ್ ತಪಾಸಣೆ, ಮತ್ತೊಂದು ಕಡೆ ತೇಲುವ ಟರ್ಬೈನ್‌ಗೆ ಮಷೀನ್ ಲರ್ನಿಂಗ್. ಮೆಕ್ಯಾನಿಕಲ್ ನಾನು ಓದಿಲ್ಲ. ನನ್ನಂಥವರನ್ನು ತಗೊಳ್ತಾರಾ? ಯಾವ ದೇಶದ ವ್ಯವಸ್ಥೆ ಹೇಗಿರುತ್ತದೆ? ಒಳ್ಳೆಯ ಪ್ರಾಜೆಕ್ಟ್ ಅಂತ ಹೇಗೆ ಗುರುತಿಸೋದು? ಮಾಡಿದವರು, ಮಾಡುತ್ತಿರುವವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಕೊನೆಯ ವರ್ಷದಲ್ಲಿರುವ ಸಂಶೋಧಕಿ

ಗೇರ್‌ಬಾಕ್ಸ್ ಕೈಕೊಡುವ ಮೊದಲೇ ಅದರ ಸುಳಿವು ಹಿಡಿಯುವುದು ನನ್ನ ವಿಷಯ. ಸೇರುವ ಮುಂಚೆ ನನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸಿದ ಮಾತನ್ನು ನಿಮಗೆ ಹೇಳುತ್ತೇನೆ. ಪ್ರಾಜೆಕ್ಟ್‌ನ ಹೆಸರು ಎಷ್ಟೇ ಚೆನ್ನಾಗಿರಲಿ, ಡೇಟಾ ಎಲ್ಲಿಂದ ಬರುತ್ತದೆ ಅಂತ ಕೇಳದೆ ಒಪ್ಪಿಕೊಳ್ಳಬೇಡಿ.

ಟರ್ಬೈನ್‌ನ ಡೇಟಾ ಒಬ್ಬರ ಕೈಯಲ್ಲಿ ಇರುವುದಿಲ್ಲ. ಟರ್ಬೈನ್ ಮಾಡಿದ ಕಂಪನಿಗೆ ಅದರ ಮೇಲೆ ಒಂದು ಹಿಡಿತ, ವಿಂಡ್ ಫಾರ್ಮ್ ನಡೆಸುವವರಿಗೆ ಇನ್ನೊಂದು. ನಿರ್ವಹಣೆಯ ಗುತ್ತಿಗೆ ಬೇರೆಯವರದ್ದಾದರೆ ಅವರದ್ದೂ ಒಂದು. ನನ್ನ ಜಾಹೀರಾತಿನಲ್ಲಿ 'ಉದ್ಯಮದ ಪಾಲುದಾರರಿಂದ ಡೇಟಾ ಸಿಗುತ್ತದೆ' ಅಂತ ಒಂದು ಸಾಲಿತ್ತು. ಅದನ್ನೇ ನಂಬಿ ಸೇರಿದೆ. ಗೌಪ್ಯತೆಯ ಒಪ್ಪಂದ ಎರಡೂ ಕಡೆಯ ವಕೀಲರ ಮಧ್ಯೆ ಹನ್ನೊಂದು ತಿಂಗಳು ಓಡಾಡಿತು. ಮೊದಲ ವರ್ಷದ ವರದಿಯಲ್ಲಿ ನಾನು ಹಾಕಿದ ಒಂದು ಗ್ರಾಫ್ ಕೂಡ ನಮ್ಮ ಫಾರ್ಮ್‌ನದ್ದಾಗಿರಲಿಲ್ಲ. ಆ ವರ್ಷ ನಾನು ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ.

ಕೊನೆಗೂ ಡೇಟಾ ಬಂತು. ಬಂದದ್ದು ಸ್ಕಾಡಾ. ಇದು ನೀವು ಮೊದಲು ಕಲಿಯಬೇಕಾದ ಪದ. ಟರ್ಬೈನ್‌ನ ನಿಯಂತ್ರಣ ವ್ಯವಸ್ಥೆ ಗಾಳಿಯ ವೇಗ, ವಿದ್ಯುತ್, ತಿರುಗುವ ವೇಗ, ಬೇರಿಂಗ್‌ನ ಬಿಸಿ, ಎಣ್ಣೆಯ ಬಿಸಿ ಇಂಥದ್ದನ್ನೆಲ್ಲ ಹತ್ತು ನಿಮಿಷಕ್ಕೊಮ್ಮೆ ಒಂದು ಸಾಲಾಗಿ ಬರೆದಿಡುತ್ತದೆ. ಸರಾಸರಿ, ಕನಿಷ್ಠ, ಗರಿಷ್ಠ, ಏರಿಳಿತ. ಒಂದು ಟರ್ಬೈನ್‌ಗೆ ವರ್ಷಕ್ಕೆ 52,560 ಸಾಲು. ಕೇಳಲು ದೊಡ್ಡದು ಅನ್ನಿಸುತ್ತೆ, ಅಲ್ವಾ? ಆದರೆ ನನಗೆ ಸಿಕ್ಕ ಅಷ್ಟೂ ವರ್ಷಗಳ ಡೇಟಾದಲ್ಲಿ ಗೇರ್‌ಬಾಕ್ಸ್ ನಿಜವಾಗಿ ಕೆಟ್ಟಿದ್ದು ನಾಲ್ಕೇ ಸಲ. ನಾಲ್ಕು ಉದಾಹರಣೆ ಇಟ್ಟುಕೊಂಡು ಯಾವ ಮಾಡೆಲ್ ಕಲಿಯುತ್ತದೆ? ಹಾಗಾಗಿ ಕೆಟ್ಟದ್ದನ್ನು ಕಲಿಸುವುದು ಬಿಟ್ಟು ಸರಿಯಾಗಿ ನಡೆಯುವ ಟರ್ಬೈನ್ ಹೇಗಿರುತ್ತದೆ ಅಂತ ಕಲಿಸಬೇಕು. ಈ ಗಾಳಿಗೆ, ಈ ಹೊರೆಗೆ, ಬೇರಿಂಗ್ ಇಷ್ಟು ಬಿಸಿ ಇರಬೇಕು. ಅದಕ್ಕಿಂತ ಮೆಲ್ಲಗೆ ಮೇಲೆ ಹೋಗುತ್ತಿದ್ದರೆ ಅನುಮಾನ ಪಡಬೇಕು. ಕಂಪನದ ಅಳತೆ ಸಾಮಾನ್ಯವಾಗಿ ಬೇರೆಯೇ ವ್ಯವಸ್ಥೆಯಲ್ಲಿ ಇರುತ್ತದೆ. ಅದು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ. ಅದನ್ನೂ ಕೊಡ್ತಾರಾ ಅಂತ ಪ್ರತ್ಯೇಕವಾಗಿ ಕೇಳಿ.

ನಾನು ಮಾಡಿದ ಎರಡು ತಪ್ಪು ಹೇಳುತ್ತೇನೆ. ಮೊದಲನೆಯದು, ಕಲಿಕೆಗೆ ಮತ್ತು ಪರೀಕ್ಷೆಗೆ ಸಾಲುಗಳನ್ನು ಕಣ್ಣು ಮುಚ್ಚಿ ಅಲ್ಲಿಷ್ಟು ಇಲ್ಲಿಷ್ಟು ಹಂಚಿದೆ. ಫಲಿತಾಂಶ ನಂಬಲಾರದಷ್ಟು ಚೆನ್ನಾಗಿ ಬಂತು. ಹತ್ತು ಗಂಟೆಯ ಸಾಲು ಕಲಿಕೆಯಲ್ಲಿ, ಹತ್ತು ಹತ್ತರ ಸಾಲು ಪರೀಕ್ಷೆಯಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ. ಮಾಡೆಲ್ ಉತ್ತರವನ್ನು ಮೊದಲೇ ನೋಡಿಬಿಟ್ಟಿತ್ತು. ಒಂದಿಡೀ ವರ್ಷವನ್ನು ಬೇರೆ ತೆಗೆದಿಟ್ಟು ಪರೀಕ್ಷೆ ಮಾಡಿದಾಗ ಎಲ್ಲ ಕುಸಿಯಿತು. ಎರಡನೆಯದು, ಅಲಾರಂಗಳ ಪಟ್ಟಿ ಸ್ಥಳೀಯ ಸಮಯದಲ್ಲಿತ್ತು, ಸ್ಕಾಡಾ ಯುಟಿಸಿಯಲ್ಲಿ, ಅಂದರೆ ವರ್ಷವಿಡೀ ಬದಲಾಗದ ಅಂತಾರಾಷ್ಟ್ರೀಯ ಸಮಯದಲ್ಲಿತ್ತು. ಚಳಿಗಾಲದಲ್ಲಿ ಎಲ್ಲ ಸರಿ. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಮಾತ್ರ ಅಲಾರಂ ಬರುವ ಒಂದು ಗಂಟೆ ಮೊದಲೇ ಟರ್ಬೈನ್ ನಿಂತುಬಿಟ್ಟಂತೆ ಕಾಣುತ್ತಿತ್ತು. ನನ್ನ ಮಾಡೆಲ್ ಭವಿಷ್ಯ ಹೇಳುತ್ತಿದೆ ಅಂತ ಎರಡು ವಾರ ಖುಷಿಯಲ್ಲಿದ್ದೆ. ನೀವು ಡೇಟಾ ಎಂಜಿನಿಯರ್. ಇಂಥ ತಪ್ಪನ್ನು ಮೊದಲ ದಿನವೇ ಹಿಡಿಯುತ್ತೀರಿ. ನಿಮ್ಮ ಹಿನ್ನೆಲೆಗೆ ಇಲ್ಲಿ ತುಂಬಾ ಬೆಲೆ ಇದೆ.

ಗೈಡ್‌ಗೆ ಕೇಳಬೇಕಾದದ್ದು ಇಷ್ಟು. ಒಪ್ಪಂದಕ್ಕೆ ಸಹಿ ಬಿದ್ದಿದೆಯಾ? ನಿರ್ವಹಣೆಯ ದಾಖಲೆಗಳೂ ಸೇರಿವೆಯಾ, ಬರೀ ಸ್ಕಾಡಾನಾ? ಪ್ರಬಂಧ ಪ್ರಕಟಿಸುವ ಮೊದಲು ಕಂಪನಿಗೆ ತೋರಿಸಬೇಕಾ, ಎಷ್ಟು ದಿನ ಅವರು ಇಟ್ಟುಕೊಳ್ಳಬಹುದು? ಡೇಟಾ ಬರದೇ ಹೋದರೆ ಎರಡನೇ ದಾರಿ ಏನು? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಗೈಡ್ ಸಿಕ್ಕರೆ ಬಿಡಬೇಡಿ.

ಆಯ್ಕೆ ಸಮಿತಿಯಲ್ಲಿ ಕೂತಿದ್ದ ಪೋಸ್ಟ್‌ಡಾಕ್

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಅರ್ಜಿಯ ಬಗ್ಗೆ ಹೇಳುತ್ತೇನೆ.

ಮೆಕ್ಯಾನಿಕಲ್ ಓದಿಲ್ಲ ಅನ್ನುವುದು ಅಡ್ಡಿಯಲ್ಲ. ನಮ್ಮ ಗುಂಪಿನಲ್ಲಿ ಗಣಿತದವರು, ಹವಾಮಾನದವರು, ಕಂಪ್ಯೂಟರ್‌ನವರು ಎಲ್ಲ ಇದ್ದಾರೆ. ಆದರೆ 'ನನಗೆ ಮಷೀನ್ ಲರ್ನಿಂಗ್ ಗೊತ್ತು, ಗಾಳಿ ವಿದ್ಯುತ್ತಿಗೂ ಹಾಕಬಲ್ಲೆ' ಅನ್ನುವ ಪತ್ರ ತುಂಬಾ ಬರುತ್ತವೆ. ಅಂಥ ಪತ್ರ ಓದಿದಾಗ ಇವರಿಗೆ ಟರ್ಬೈನ್ ಬಗ್ಗೆ ಕುತೂಹಲ ಇದೆ ಅಂತ ಅನ್ನಿಸುವುದೇ ಇಲ್ಲ.

ಒಂದು ಸಂದರ್ಶನ ನನಗೆ ಚೆನ್ನಾಗಿ ನೆನಪಿದೆ. ಆ ಅಭ್ಯರ್ಥಿ ಭೌತಶಾಸ್ತ್ರವನ್ನೂ ಓದಿರಲಿಲ್ಲ, ಎಂಜಿನಿಯರಿಂಗನ್ನೂ ಓದಿರಲಿಲ್ಲ. ಬ್ರಿಟನ್ನಿನ ಕೆಲ್ಮಾರ್ಶ್ ವಿಂಡ್ ಫಾರ್ಮ್‌ನ ಡೇಟಾ ಝೆನೋಡೊ ಅನ್ನುವ ಸಂಶೋಧನಾ ಡೇಟಾ ತಾಣದಲ್ಲಿ ಎಲ್ಲರಿಗೂ ತೆರೆದಿದೆ. ಆರು ಟರ್ಬೈನ್, ನೆಲದ ಮೇಲಿನವು. ಅದನ್ನು ಇಳಿಸಿಕೊಂಡು ಗಾಳಿಯ ವೇಗಕ್ಕೆ ಎದುರಾಗಿ ವಿದ್ಯುತ್ತಿನ ಚುಕ್ಕೆಗಳನ್ನು ಬಿಡಿಸಿ ತಂದಿದ್ದರು. ಎಲ್ಲರಿಗೂ ಗೊತ್ತಿರುವ ಚಿತ್ರ ಅದು. ಅವರು ಒಂದು ಕಡೆ ಬೆರಳಿಟ್ಟರು. ವಕ್ರರೇಖೆಯ ಕೆಳಗೆ ಚುಕ್ಕೆಗಳ ಒಂದು ಅಡ್ಡ ಪಟ್ಟಿ ಇತ್ತು. 'ಇಲ್ಲಿ ಗಾಳಿ ಏರುತ್ತಿದ್ದರೂ ವಿದ್ಯುತ್ ಒಂದೇ ಮಟ್ಟದಲ್ಲಿ ನಿಂತಿದೆ. ಟರ್ಬೈನ್ ಕೆಟ್ಟಿದ್ದರೆ ಇಷ್ಟು ನೇರವಾಗಿ ನಿಲ್ಲುತ್ತಿರಲಿಲ್ಲ. ಯಾರೋ ಬೇಕೆಂದೇ ಕಡಿಮೆ ಮಾಡಿಸಿದ್ದಾರೆ ಅನ್ನಿಸುತ್ತದೆ. ಇದನ್ನು ದೋಷ ಅಂತ ಮಾಡೆಲ್‌ಗೆ ಕಲಿಸಿದರೆ ತಪ್ಪಾಗುತ್ತದೆ' ಅಂದರು. ಸಮಿತಿಯಲ್ಲಿದ್ದ ಮೂವರೂ ಒಟ್ಟಿಗೆ ತಲೆಯೆತ್ತಿ ನೋಡಿದೆವು. ಆ ಜಾಗ ಅವರಿಗೇ ಸಿಕ್ಕಿತು.

ನೀವೂ ಅಂಥದ್ದೊಂದು ಮಾಡಿ. ಸಾಧನಗಳಿಗೆ ಕೊರತೆ ಇಲ್ಲ. ಓಪನ್‌ಫಾಸ್ಟ್ ಅನ್ನುವ ಮುಕ್ತ ತಂತ್ರಾಂಶದಲ್ಲಿ ಇಡೀ ಟರ್ಬೈನನ್ನು ಗಾಳಿ, ಅಲೆ ಸಮೇತ ಓಡಿಸಬಹುದು. ಅದಕ್ಕೆ ಹಾಕಲು ಕಾಗದದ ಮೇಲಿನ ಮಾದರಿ ಟರ್ಬೈನ್‌ಗಳಿವೆ. ಹಳೆಯದು, ಅಮೆರಿಕದ ಇಂಧನ ಪ್ರಯೋಗಾಲಯವೊಂದರ 2009ರ ಎನ್‌ಆರ್‌ಇಎಲ್ 5 ಮೆಗಾವ್ಯಾಟ್ ಮಾದರಿ. ಅದಕ್ಕಿಂತ ಹೊಸದು, ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2020ರ ಐಇಎ 15 ಮೆಗಾವ್ಯಾಟ್ ಮಾದರಿ, ರೋಟರ್‌ನ ವ್ಯಾಸ 240 ಮೀಟರ್, ರೆಕ್ಕೆಗಳು ಸೇರುವ ಹಬ್ 150 ಮೀಟರ್ ಎತ್ತರದಲ್ಲಿ. ಕಂಪನಿಗಳು ತಮ್ಮ ನಿಜವಾದ ವಿನ್ಯಾಸ ಕೊಡುವುದಿಲ್ಲ. ಹಾಗಾಗಿ ಜಗತ್ತಿನ ಅರ್ಧ ಸಂಶೋಧನೆ ಈ ಮಾದರಿಗಳ ಮೇಲೆಯೇ ನಡೆಯುತ್ತಿದೆ ಅಂದರೂ ನಡೆದೀತು. ಫ್ಲೋರಿಸ್ ಮತ್ತು ಪೈವೇಕ್ ಪೈಥಾನ್‌ನಲ್ಲೇ ಇವೆ. ಒಂದು ಟರ್ಬೈನ್‌ನ ಹಿಂದೆ ಇನ್ನೊಂದು ನಿಂತಾಗ ಎಷ್ಟು ವಿದ್ಯುತ್ ಕಡಿಮೆ ಆಗುತ್ತದೆ ಅಂತ ಒಂದು ಸಂಜೆಯಲ್ಲಿ ಲೆಕ್ಕ ಹಾಕಿ ನೋಡಬಹುದು.

ಇನ್ನೊಂದು. ವಿಂಡ್ ಎನರ್ಜಿ ಸೈನ್ಸ್ ಅನ್ನುವ ಪತ್ರಿಕೆಯನ್ನು ಎಲ್ಲರೂ ದುಡ್ಡಿಲ್ಲದೆ ಓದಬಹುದು. ಪ್ರಬಂಧದ ಜೊತೆ ವಿಮರ್ಶಕರ ಟಿಪ್ಪಣಿ, ಲೇಖಕರ ಉತ್ತರ ಎರಡೂ ಅಲ್ಲೇ ಇರುತ್ತವೆ. ನೀವು ಬರೆಯಬೇಕೆಂದಿರುವ ಗೈಡ್‌ನ ಒಂದು ಪ್ರಬಂಧ ಆರಿಸಿ ಆ ಟಿಪ್ಪಣಿಗಳನ್ನು ಓದಿ. ಈ ಕ್ಷೇತ್ರದವರು ಯಾವುದಕ್ಕೆ ತಕರಾರು ಎತ್ತುತ್ತಾರೆ ಅಂತ ಗೊತ್ತಾಗುತ್ತದೆ. ಆಮೇಲೆ ಪತ್ರ ಬರೆಯಿರಿ. ಹತ್ತು ಸಾಲು ಸಾಕು, ಅದರಲ್ಲಿ ನಿಜವಾದ ಒಂದು ಪ್ರಶ್ನೆ ಇರಲಿ.

ಬ್ರಿಟನ್ನಿನ ತರಬೇತಿ ಕೇಂದ್ರವೊಂದರಲ್ಲಿ ಎರಡನೇ ವರ್ಷ

ಬ್ರಿಟನ್ನಿನದ್ದು ಸ್ವಲ್ಪ ಬೇರೆ ಪದ್ಧತಿ. ಒಬ್ಬರೇ ಒಂದು ಲ್ಯಾಬ್‌ಗೆ ಸೇರುವ ಬದಲು ಡಾಕ್ಟರಲ್ ತರಬೇತಿ ಕೇಂದ್ರಕ್ಕೆ ಒಂದು ಬ್ಯಾಚ್ ಆಗಿ ಸೇರುತ್ತೀರಿ. ನಾಲ್ಕು ವರ್ಷ. ಶುರುವಿನಲ್ಲಿ ಪಾಠ ಇರುತ್ತದೆ. ಆರಾ ಅನ್ನುವ ಕೇಂದ್ರ ಆಫ್‌ಶೋರ್ ವಿಂಡ್‌ಗೆ ಅಂತಲೇ 2019ರಲ್ಲಿ ಶುರುವಾಯಿತು. ಹಲ್ ವಿಶ್ವವಿದ್ಯಾಲಯ ಮುಂದೆ ನಿಂತು, ಡರ್ಹಮ್, ನ್ಯೂಕ್ಯಾಸಲ್, ಶೆಫೀಲ್ಡ್ ಜೊತೆ ಸೇರಿ ನಡೆಸಿದ್ದು. ಗ್ಲಾಸ್ಗೋದ ಸ್ಟ್ರಾಥ್‌ಕ್ಲೈಡ್‌ಗೆ ಗಾಳಿ ಮತ್ತು ಸಾಗರ ಶಕ್ತಿಯಲ್ಲಿ ಹಳೆಯ ಹೆಸರಿದೆ. ಐಡಿಕೋರ್ ಅಂತ ಇನ್ನೊಂದಿದೆ, ಎಡಿನ್‌ಬರಾ, ಎಕ್ಸೆಟರ್, ಸ್ಟ್ರಾಥ್‌ಕ್ಲೈಡ್ ಸೇರಿ ನಡೆಸುವುದು. ಅದರಲ್ಲಿ ಸಿಗುವುದು ಎಂಜಿನಿಯರಿಂಗ್ ಡಾಕ್ಟರೇಟ್, ಹೆಚ್ಚಿನ ಸಮಯ ಕಂಪನಿಯಲ್ಲೇ ಕಳೆಯುತ್ತೀರಿ. ಇಂಥ ಕೇಂದ್ರಗಳಿಗೆ ಹಣ ಕೆಲವು ಬ್ಯಾಚ್‌ಗಳಿಗೆ ಅಂತ ಬರುತ್ತದೆ. ನೀವು ಸೇರಬೇಕೆಂದಿರುವ ವರ್ಷಕ್ಕೆ ಹೊಸ ಬ್ಯಾಚ್ ಇದೆಯಾ ಅಂತ ಮೊದಲು ನೋಡಿ.

ನಿಮ್ಮಂಥವರಿಗೆ ಈ ಪದ್ಧತಿ ತುಂಬಾ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಮ್ಮ ಬ್ಯಾಚ್‌ನಲ್ಲಿ ಒಬ್ಬರು ಸಮುದ್ರ ಜೀವಶಾಸ್ತ್ರ ಓದಿ ಬಂದವರು, ಇನ್ನೊಬ್ಬರು ಸಿವಿಲ್. ಅವರಿಗೆ ನಾನು ಪೈಥಾನ್ ಹೇಳಿಕೊಟ್ಟೆ, ಅವರು ನನಗೆ ಮಣ್ಣಿನಲ್ಲಿ ಮೊನೊಪೈಲ್ ಹೇಗೆ ನಿಲ್ಲುತ್ತದೆ ಅಂತ ಬಿಡಿಸಿ ತೋರಿಸಿದರು. ಮೊನೊಪೈಲ್ ಅಂದರೆ ಸಮುದ್ರದ ತಳಕ್ಕೆ ಹೊಡೆದು ಇಳಿಸುವ ದಪ್ಪ ಉಕ್ಕಿನ ಕೊಳವೆ.

ಹಣದ ವಿಷಯ. ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಹಣ ಹಂಚುವ ಸಂಸ್ಥೆ ಯುಕೆಆರ್‌ಐ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್ 2025-26ಕ್ಕೆ ವರ್ಷಕ್ಕೆ 20,780 ಪೌಂಡ್. ಅದಕ್ಕೆ ತೆರಿಗೆ ಇಲ್ಲ. 2021ರಿಂದ ಹೊರದೇಶದವರಿಗೂ ಈ ಸೀಟು ತೆರೆದಿದೆ, ಆದರೆ ಒಂದು ಬ್ಯಾಚ್‌ನಲ್ಲಿ ಶೇಕಡ 30ರವರೆಗೆ ಮಾತ್ರ. ಹಾಗಾಗಿ ಪೈಪೋಟಿ ಜಾಸ್ತಿ. ಇನ್ನೊಂದು ವಿಷಯ ಸುಲಭವಾಗಿ ಕಣ್ಣು ತಪ್ಪುತ್ತದೆ. ಹೊರದೇಶದವರ ಶುಲ್ಕ ಅಲ್ಲಿನವರ ಶುಲ್ಕಕ್ಕಿಂತ ಜಾಸ್ತಿ. ಆ ವ್ಯತ್ಯಾಸವನ್ನು ಯುಕೆಆರ್‌ಐ ಹಣದಿಂದ ಕಟ್ಟುವಂತಿಲ್ಲ. ವಿಶ್ವವಿದ್ಯಾಲಯ ಮನ್ನಾ ಮಾಡುತ್ತದಾ, ಇಲ್ಲ ನಿಮ್ಮ ತಲೆಗೆ ಬರುತ್ತದಾ, ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಜೊತೆಗೆ ಕೆಲವು ತಾಂತ್ರಿಕ ವಿಷಯಗಳಿಗೆ ಅನೇಕ ದೇಶದವರು ವೀಸಾಕ್ಕೆ ಮೊದಲು ಎಟಿಎಎಸ್ ಅನುಮತಿ ಪತ್ರ ಪಡೆಯಬೇಕು. ಅದಕ್ಕೆ ಶುಲ್ಕ ಇಲ್ಲ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಸೀಟು ಸಿಕ್ಕ ದಿನವೇ ಅರ್ಜಿ ಹಾಕಿ.

ಯುರೋಪಿನ ಬೇರೆ ದೇಶಗಳ ಬಗ್ಗೆ, ಒಂದು ಸೀಟು ಕಳೆದುಕೊಂಡವರಿಂದ

ಡೆನ್ಮಾರ್ಕ್, ನೆದರ್ಲೆಂಡ್ಸ್, ನಾರ್ವೆಗಳಲ್ಲಿ ಪಿಎಚ್‌ಡಿ ಅಂದರೆ ಕೆಲಸ. ಸಂಬಳ, ರಜೆ, ಒಪ್ಪಂದ ಎಲ್ಲ ಇರುತ್ತದೆ, ತೆರಿಗೆಯೂ ಇರುತ್ತದೆ. ಡೆನ್ಮಾರ್ಕ್‌ನಲ್ಲಿ 3 ವರ್ಷ. ಡಿಟಿಯು ವಿಶ್ವವಿದ್ಯಾಲಯದ ಗಾಳಿ ವಿಭಾಗ ರೋಸ್ಕಿಲ್ಡೆ ಹತ್ತಿರದ ರಿಸೊದಲ್ಲಿದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 4 ವರ್ಷ, ಮೊದಲ ವರ್ಷದ ಕೊನೆಗೆ ಮುಂದುವರಿಸಬೇಕಾ ಬೇಡವಾ ಅಂತ ಒಂದು ತೀರ್ಮಾನದ ಸಭೆ. ನಾರ್ವೆಯಲ್ಲಿ 3 ವರ್ಷ, ಪಾಠದಂಥ ಕೆಲಸ ಸೇರಿದರೆ 4. ಅಲ್ಲಿ ಟ್ರೊಂಡ್‌ಹೈಮ್‌ನ ಎನ್‌ಟಿಎನ್‌ಯು ಮತ್ತು ಬರ್ಗನ್ ನೋಡಿ. ಜರ್ಮನಿಯಲ್ಲಿ ಓಲ್ಡನ್‌ಬುರ್ಗ್, ಹ್ಯಾನೋವರ್, ಬ್ರೆಮೆನ್ ವಿಶ್ವವಿದ್ಯಾಲಯಗಳು ಸೇರಿ ಫೋರ್‌ವಿಂಡ್ ಅಂತ ನಡೆಸುತ್ತವೆ.

ಈಗ ನನ್ನ ಕತೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ನ ಒಂದು ಸೀಟಿಗೆ ಅರ್ಜಿ ಹಾಕಿದ್ದೆ. ಸಂಬಳ ಚೆನ್ನಾಗಿತ್ತು, ವಿಷಯ ನನಗೇ ಬರೆದಂತಿತ್ತು. ಎರಡು ಸುತ್ತು ಸಂದರ್ಶನ ಆಯಿತು, ಆಯ್ಕೆಯೂ ಆದೆ. ಆಮೇಲೆ ಕಾಗದಪತ್ರ ನೋಡುವಾಗ ಸಿಕ್ಕಿಬಿದ್ದಿತು. ಸೇರುವ ದಿನಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಆ ದೇಶದಲ್ಲಿ ಇದ್ದಿರಬಾರದು ಅಂತ ನಿಯಮ. ನಾನು ಅದೇ ದೇಶದಲ್ಲಿ ಮಾಸ್ಟರ್ಸ್ ಮಾಡಿದ್ದೆ. ಮೂರು ತಿಂಗಳ ಶ್ರಮ ಒಂದು ಇಮೇಲ್‌ನಲ್ಲಿ ಮುಗಿಯಿತು. ತಪ್ಪು ಯಾರದ್ದೂ ಅಲ್ಲ, ನಿಯಮ ಜಾಹೀರಾತಿನಲ್ಲೇ ಇತ್ತು, ನಾನು ಕೊನೆಯವರೆಗೆ ಓದಿರಲಿಲ್ಲ. ನೀವು ಅರ್ಹತೆಯ ಭಾಗವನ್ನು ಮೊದಲು ಓದಿ, ವಿಷಯವನ್ನು ಆಮೇಲೆ ಓದಿ.

ಸಾಫ್ಟ್‌ವೇರ್‌ನಿಂದ ಬಂದವನು

ನಾನೂ ನಿಮ್ಮ ಹಾಗೇ ಬಂದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಳಿ ವಿಜ್ಞಾನವನ್ನು ನನಗೆ ಹಿಡಿಸಿದ್ದು ಒಂದು ಫೋಟೊ. ಡೆನ್ಮಾರ್ಕ್‌ನ ಹಾರ್ನ್ಸ್ ರೆವ್ ಫಾರ್ಮ್‌ನದ್ದು, 2008ರ ಫೆಬ್ರವರಿಯಲ್ಲಿ ತೆಗೆದದ್ದು. ಮುಂದಿನ ಸಾಲಿನ ಟರ್ಬೈನ್‌ಗಳ ಹಿಂದೆ ಬಿಳಿ ಮಂಜು ಬಾಲದ ಹಾಗೆ ಎಳೆದುಕೊಂಡು ಹೋಗಿ ಹಿಂದಿನ ಸಾಲನ್ನು ಮುಚ್ಚುತ್ತಿದೆ. ಅದೇ ವೇಕ್. ಮುಂದಿನ ಟರ್ಬೈನ್ ಗಾಳಿಯ ಕಸುವು ತೆಗೆದುಕೊಂಡ ಮೇಲೆ ಉಳಿದ ನಿಧಾನವಾದ, ಕಲಕಿದ ಗಾಳಿ. ಮುಂದಿನ ಟರ್ಬೈನನ್ನು ಬೇಕೆಂದೇ ಸ್ವಲ್ಪ ಓರೆ ತಿರುಗಿಸಿದರೆ ಆ ಬಾಲ ಪಕ್ಕಕ್ಕೆ ಸರಿಯುತ್ತದೆ. ಮುಂದಿನದ್ದು ಕೊಂಚ ಕಳೆದುಕೊಂಡರೂ ಹಿಂದಿನದ್ದು ಅದಕ್ಕಿಂತ ಜಾಸ್ತಿ ಗಳಿಸಬಹುದು. ಇದನ್ನು ಯಾವಾಗ, ಎಷ್ಟು ಮಾಡಬೇಕು ಅನ್ನುವುದು ಪೂರ್ತಿ ಲೆಕ್ಕದ, ನಿಯಂತ್ರಣದ, ಕೋಡ್‌ನ ಸಮಸ್ಯೆ. ನಿಮ್ಮಂಥವರಿಗೆ ಇದು ತಕ್ಕ ವಿಷಯ.

ಡಿಜಿಟಲ್ ಕೆಲಸ ಇಲ್ಲಿ ಯಾಕಿಷ್ಟು ಬೇಕು ಅಂತ ಒಂದು ಹೋಲಿಕೆಯಲ್ಲಿ ಹೇಳುತ್ತೇನೆ. ಜಗತ್ತಿನ ಮೊದಲ ಆಫ್‌ಶೋರ್ ಫಾರ್ಮ್ ಡೆನ್ಮಾರ್ಕ್‌ನ ವಿಂಡೆಬಿ, 1991. 11 ಟರ್ಬೈನ್, ಒಂದೊಂದು 450 ಕಿಲೋವ್ಯಾಟ್, ಎಲ್ಲ ಸೇರಿ 5 ಮೆಗಾವ್ಯಾಟ್‌ಗೂ ಸ್ವಲ್ಪ ಕಡಿಮೆ. ಇವತ್ತಿನ 15 ಮೆಗಾವ್ಯಾಟ್‌ನ ಒಂದೇ ಟರ್ಬೈನ್ ಅಂಥ ಮೂರು ಫಾರ್ಮ್‌ಗೆ ಸಮ. ಅದೊಂದು ನಿಂತರೆ ನಷ್ಟ ಎಷ್ಟು ನೋಡಿ. ಮತ್ತೆ ಅದು ದಡದಿಂದ ದೂರ. ಬೇಕೆಂದಾಗ ಹೋಗಿ ನೋಡಲು ಆಗಲ್ಲ.

ಆಗಲ್ಲ ಅನ್ನುವುದು ನನಗೆ ಅರ್ಥವಾಗಿದ್ದು ದೋಣಿ ಹತ್ತಿದ ದಿನ. ಎರಡನೇ ವರ್ಷದಲ್ಲಿ ಒಂದು ಸಲ ಫಾರ್ಮ್‌ಗೆ ಹೋಗುವ ಅವಕಾಶ ಸಿಕ್ಕಿತು. ಅದಕ್ಕೆ ಮೊದಲು ಜಿಡಬ್ಲ್ಯುಒ ಸುರಕ್ಷತಾ ತರಬೇತಿ ಬೇಕು. ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವುದು, ಎತ್ತರದಲ್ಲಿ ಕೆಲಸ, ಸಮುದ್ರದಲ್ಲಿ ಬದುಕುಳಿಯುವುದು. ಎರಡು ದಿನ ಹೋಗಬೇಕಿತ್ತು, ಎರಡೂ ದಿನ ಅಲೆ ಜಾಸ್ತಿ ಅಂತ ರದ್ದಾಯಿತು. ಸಾಮಾನ್ಯ ದೋಣಿಗಳು ಅಲೆ ಸುಮಾರು 1.5 ಮೀಟರ್ ದಾಟಿದರೆ ಜನರನ್ನು ಇಳಿಸುವುದಿಲ್ಲ. ಮೂರನೇ ದಿನ ಹೊರಟೆವು. ದೋಣಿ ತನ್ನ ಮೂತಿಯ ರಬ್ಬರನ್ನು ಕಂಬದ ಏಣಿಗೆ ಒತ್ತಿ, ಎಂಜಿನ್ ಜೋರು ಮಾಡಿ ಅಂಟಿಕೊಂಡು ನಿಲ್ಲುತ್ತದೆ. ಅಲೆ ಏರುವುದನ್ನು ಕಾದು, ನಾವಿಕ ಭುಜ ತಟ್ಟಿದಾಗ ಕಾಲಿಡಬೇಕು. ನನ್ನ ಕೈ ನಡುಗುತ್ತಿತ್ತು.

ಮೇಲೆ ನಸೆಲ್ (ಕಂಬದ ತುದಿಯಲ್ಲಿ ಯಂತ್ರಗಳಿರುವ ಕೋಣೆ) ಒಳಗೆ ಎಣ್ಣೆಯ ವಾಸನೆ, ಕಾಲ ಕೆಳಗೆ ಇಡೀ ಕಂಬ ಮೆಲ್ಲಗೆ ತೂಗುವುದು ಗೊತ್ತಾಗುತ್ತದೆ. ನನ್ನ ಮಾಡೆಲ್ ಆರು ತಿಂಗಳಿಂದ ಆ ಟರ್ಬೈನ್‌ನ ಒಂದು ಬೇರಿಂಗ್ ಬಿಸಿಯಾಗುತ್ತಿದೆ ಅಂತ ಹೇಳುತ್ತಿತ್ತು. ಅಲ್ಲಿದ್ದ ಟೆಕ್ನಿಶಿಯನ್‌ಗೆ ತೋರಿಸಿದೆ. ಅವರು ಟಾರ್ಚ್ ಹಿಡಿದು ಆ ಸೆನ್ಸರ್‌ನ ತಂತಿ ತೋರಿಸಿದರು. ಅದರ ಕನೆಕ್ಟರ್ ಸಡಿಲವಾಗಿ ಟೇಪ್ ಸುತ್ತಿತ್ತು. 'ಇದು ಎರಡು ಚಳಿಗಾಲದಿಂದ ಹೀಗೇ ಇದೆ, ನಮಗೆಲ್ಲ ಗೊತ್ತು' ಅಂದರು. ಅವರೆಲ್ಲರಿಗೂ ಗೊತ್ತಿದ್ದ ಆ ಮಾತು ಯಾವ ಡೇಟಾಬೇಸ್‌ನಲ್ಲೂ ಇರಲಿಲ್ಲ. ಅವತ್ತಿನಿಂದ ನನ್ನ ವಿಷಯವೇ ಬದಲಾಯಿತು. ಈಗ ನಾನು ಮಾಡುತ್ತಿರುವುದು ಟೆಕ್ನಿಶಿಯನ್‌ಗಳು ಕೈಯಲ್ಲಿ ಬರೆಯುವ ನಿರ್ವಹಣೆಯ ಟಿಪ್ಪಣಿಗಳನ್ನು ಸೆನ್ಸರ್ ಡೇಟಾ ಜೊತೆ ಹೊಂದಿಸುವ ಕೆಲಸ. ಅವರನ್ನು ಭೇಟಿ ಮಾಡಿಸುವ ಪ್ರಾಜೆಕ್ಟ್ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಅದನ್ನೇ ಆರಿಸಿ.

ಮುಗಿಸಿ ಈಗ ಉದ್ಯಮದಲ್ಲಿರುವವರು

ವಿಷಯ ಆರಿಸುವ ಬಗ್ಗೆ ನನ್ನ ಅನಿಸಿಕೆ. ಸ್ಕಾಡಾದಿಂದ ದೋಷ ಹಿಡಿಯುವುದರಲ್ಲಿ ಈಗಾಗಲೇ ತುಂಬಾ ಜನ ಇದ್ದಾರೆ. ಹೊಸದು ಹೇಳಲು ಕಷ್ಟ. ಕೇಬಲ್‌ಗಳು, ದೋಣಿ ಯಾವಾಗ ಕಳಿಸಬೇಕು ಅನ್ನುವ ಯೋಜನೆ, ಕೆಲವೇ ಸೆನ್ಸರ್‌ಗಳಿಂದ ಅಡಿಪಾಯದ ಆಯಾಸ (ಪದೇ ಪದೇ ಹೊರೆ ಬಿದ್ದು ಉಕ್ಕು ದುರ್ಬಲವಾಗುವುದು) ಅಂದಾಜು ಮಾಡುವುದು, ಇಲ್ಲೆಲ್ಲ ಜಾಗ ಇದೆ. ತೇಲುವ ಟರ್ಬೈನ್ ಇನ್ನೂ ಹೊಸದು. ಮೊದಲ ತೇಲುವ ಫಾರ್ಮ್ ಹೈವಿಂಡ್ ಸ್ಕಾಟ್‌ಲೆಂಡ್ ಶುರುವಾಗಿದ್ದು 2017ರಲ್ಲಿ, 6 ಮೆಗಾವ್ಯಾಟ್‌ನ ಐದು ಟರ್ಬೈನ್. ದೊಡ್ಡ ರಿಪೇರಿಗೆ 2024ರಲ್ಲಿ ಐದನ್ನೂ ನಾರ್ವೆಗೆ ಎಳೆದುಕೊಂಡು ಹೋದರು. ಯಾವಾಗ ಎಳೆಯಬೇಕು, ಇನ್ನೊಂದು ಚಳಿಗಾಲ ತಡೆದೀತಾ ಅನ್ನುವ ನಿರ್ಧಾರಕ್ಕೆ ಒಳ್ಳೆಯ ಮಾಡೆಲ್ ಬೇಕು.

ಡಿಜಿಟಲ್ ಟ್ವಿನ್ ಅಂತ ಹೆಸರಿದ್ದರೆ ಎರಡು ಪ್ರಶ್ನೆ ಕೇಳಿ. ಅದು ನಿಜವಾದ ಟರ್ಬೈನ್‌ನಿಂದ ಎಷ್ಟು ಸಲ ಹೊಸ ಮಾಹಿತಿ ಪಡೆಯುತ್ತದೆ? ಅದನ್ನು ನೋಡಿ ಯಾರು, ಯಾವ ನಿರ್ಧಾರ ಬದಲಾಯಿಸುತ್ತಾರೆ? ಉತ್ತರ ಇಲ್ಲದಿದ್ದರೆ ಅದು ಸುಮ್ನೆ ಒಂದು ಸಿಮ್ಯುಲೇಶನ್.

ನನ್ನ ಪ್ರಾಜೆಕ್ಟ್‌ನಿಂದ ಪಾಲುದಾರ ಕಂಪನಿ ಎರಡನೇ ವರ್ಷದ ಮಧ್ಯೆ ಹಿಂದೆ ಸರಿಯಿತು. ಅವರ ಆದ್ಯತೆ ಬದಲಾಗಿತ್ತು. ನನ್ನ ಗೈಡ್ ಮರುದಿನವೇ ಕೂರಿಸಿಕೊಂಡು ಮುಕ್ತ ಡೇಟಾ ಮತ್ತು 15 ಮೆಗಾವ್ಯಾಟ್ ಮಾದರಿ ಇಟ್ಟುಕೊಂಡು ಅಧ್ಯಾಯಗಳನ್ನು ಮತ್ತೆ ಬರೆದರು. ಆ ಮಧ್ಯಾಹ್ನ ಅವರು ಜೊತೆಗೆ ಕೂರದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಹಾಗಾಗಿ ಸೇರುವ ಮೊದಲು ಆ ಗೈಡ್‌ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರ ಹತ್ತಿರ ಮಾತಾಡಿ. ಕಷ್ಟ ಬಂದಾಗ ಹೇಗಿದ್ದರು ಅಂತ ಕೇಳಿ, ಪ್ರಬಂಧ ಎಷ್ಟು ಅಂತ ಅಲ್ಲ. ಇನ್ನು ಬರೀ ಕೆಲಸ ಬೇಕು ಅಂತಿದ್ದರೆ ಪಿಎಚ್‌ಡಿ ಬೇಕಾಗಿಲ್ಲ. ಡೇಟಾ ಎಂಜಿನಿಯರ್‌ಗಳನ್ನು ಇಲ್ಲಿನ ಕಂಪನಿಗಳು ನೇರವಾಗಿಯೂ ತಗೊಳ್ಳುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡು ಸಲ ಓದಿದೆ. ಬರೀ ಕೆಲಸಕ್ಕೆ ಅಲ್ಲ, ಒಂದು ಪ್ರಶ್ನೆಯ ಹಿಂದೆ ಮೂರು ನಾಲ್ಕು ವರ್ಷ ಇರಬೇಕು ಅನ್ನುವ ಆಸೆಯಿಂದಲೇ ಹೊರಟಿದ್ದೇನೆ. ಕೆಲ್ಮಾರ್ಶ್ ಡೇಟಾ ನಿನ್ನೆ ಇಳಿಸಿಕೊಂಡೆ. ಆ ಅಡ್ಡ ಪಟ್ಟಿ ಇದೆಯಾ ಅಂತ ಹುಡುಕುತ್ತಿದ್ದೇನೆ. ಒಬ್ಬ ಗೈಡ್‌ಗೆ ಬರೆದು ಒಪ್ಪಂದದ ಬಗ್ಗೆ ಕೇಳಿದ್ದೆ. 'ಕೊನೆಯ ಹಂತದಲ್ಲಿದೆ' ಅಂತ ಉತ್ತರ ಬಂತು. ಇದನ್ನು ಹೇಗೆ ತಗೊಳ್ಳಲಿ?

ಕೊನೆಯ ವರ್ಷದಲ್ಲಿರುವ ಸಂಶೋಧಕಿ

ಸಹಿ ಆಗಿಲ್ಲ ಅಂತ ತಗೊಳ್ಳಿ. ಅದರಿಂದ ಬೇಡ ಅನ್ನಬೇಕಾಗಿಲ್ಲ. ಯಾರ ಸಹಿ ಬಾಕಿ ಇದೆ ಅಂತ ಮತ್ತೆ ಕೇಳಿ. ವಿಶ್ವವಿದ್ಯಾಲಯದ್ದಾದರೆ ಬೇಗ ಆಗಬಹುದು, ಟರ್ಬೈನ್ ಮಾಡಿದ ಕಂಪನಿಯದ್ದಾದರೆ ತಿಂಗಳುಗಳು ಅಂತ ಲೆಕ್ಕ ಹಾಕಿ. ಜೊತೆಗೆ, ಡೇಟಾ ಬರುವವರೆಗೆ ಮೊದಲ ವರ್ಷ ಯಾವುದರ ಮೇಲೆ ಕೆಲಸ ಮಾಡಲಿ ಅಂತ ಕೇಳಿ. ಬಂದ ಉತ್ತರವನ್ನು ಇಲ್ಲೇ ಹಾಕಿ. ನನಗೆ ಹನ್ನೊಂದು ತಿಂಗಳಲ್ಲಿ ಆ ಷರತ್ತುಗಳೆಲ್ಲ ಬಾಯಿಪಾಠ ಆಗಿವೆ, ಒಂದೊಂದಾಗಿ ನಿಮ್ಮ ಜೊತೆ ಓದುತ್ತೇನೆ.